ಕಂಪ್ಯೂಟರಿನೊಳಗೆ ಮುಪ್ಪಾಗುವ ಸ್ನಾಯು

ಪ್ರಯೋಗಾಲಯದ ನಡುವೆ ಒಬ್ಬ ಹಿರಿಯರು ಮುಂದಕ್ಕೆ ವಾಲಿ ನಿಂತಿದ್ದಾರೆ. ಸೊಂಟ ಬಾಗಿಲ್ಲ, ಮಂಡಿ ಮಡಿದಿಲ್ಲ. ಹಿಮ್ಮಡಿಯಿಂದ ನೆತ್ತಿಯವರೆಗೆ ಇಡೀ ದೇಹ ಒಂದೇ ಗೆರೆಯಲ್ಲಿ ಓರೆಯಾಗಿದೆ. ಅವರನ್ನು ಹಿಡಿದು ನಿಲ್ಲಿಸಿರುವುದು ಸೊಂಟದ ಪಟ್ಟಿಗೆ ಹಿಂದಿನಿಂದ ಬಿಗಿದ ಒಂದು ತಂತಿ. ನೆಲಕ್ಕೆ ಬಿದ್ದು ಪೆಟ್ಟಾಗದಿರಲೆಂದು ಮೇಲಿನಿಂದ ಇನ್ನೊಂದು ಕಟ್ಟು ಹಾಕಿದ್ದಾರೆ. ಯಾವ ಗಳಿಗೆಯಲ್ಲಿ ಎಂದು ಮೊದಲೇ ಹೇಳದೆ ತಂತಿಯನ್ನು ಕಳಚುತ್ತಾರೆ. ಒಂದೇ ಒಂದು ಹೆಜ್ಜೆ ಮುಂದಿಟ್ಟು ಅವರು ಸಾವರಿಸಿಕೊಳ್ಳಬೇಕು. ಸಾವರಿಸಿಕೊಂಡರೆ ಮುಂದಿನ ಸಲ ಇನ್ನಷ್ಟು ವಾಲಿಸಿ ನಿಲ್ಲಿಸುತ್ತಾರೆ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡ್ಯಾರಿಲ್ ಥೆಲೆನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ನಡೆಸಿದ ಪ್ರಯೋಗ ಇದು. ಪಾಲ್ಗೊಂಡ ಹಿರಿಯ ಗಂಡಸರು ಕಾಯಿಲೆಯವರಲ್ಲ, ಆರೋಗ್ಯವಂತರೇ. ಆದರೂ 1997ರಲ್ಲಿ ಫಲಿತಾಂಶ ಪ್ರಕಟವಾದಾಗ ಅಂತರ ಎದ್ದು ಕಾಣುತ್ತಿತ್ತು. ಯುವಕರು ಸರಾಸರಿ 32 ಡಿಗ್ರಿ ದಾಟಿ ವಾಲಿದ್ದರೂ ಒಂದೇ ಹೆಜ್ಜೆಯಲ್ಲಿ ನಿಂತುಬಿಡುತ್ತಿದ್ದರು. ಹಿರಿಯರ ಮಿತಿ 24 ಡಿಗ್ರಿಯ ಆಸುಪಾಸಿನಲ್ಲೇ ಮುಗಿಯುತ್ತಿತ್ತು. ಬೀಳುತ್ತಿದ್ದೇವೆ ಎಂಬುದು ವಯಸ್ಸಾದವರ ಅರಿವಿಗೆ ಬರುವುದೇ ತಡ, ಅದಕ್ಕೇ ಬೀಳುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಅಳೆದು ನೋಡಿದರೆ ಆ ತಡ ಬಹಳ ಚಿಕ್ಕದು. ಹಿರಿಯರು ಹಿಂದೆ ಉಳಿದದ್ದು ಎತ್ತಿದ ಕಾಲನ್ನು ಮುಂದಕ್ಕೆ ಒಯ್ಯುವ ವೇಗದಲ್ಲಿ.

ಹಾಗಾದರೆ ಕಾಲಿನೊಳಗೆ ಆಗಿರುವುದೇನು? ಇಲ್ಲಿ ತೊಡಕು ಶುರುವಾಗುತ್ತದೆ. ಎಂಬತ್ತರ ದೇಹದಲ್ಲಿ ಸ್ನಾಯು ಸೊರಗಿರುತ್ತದೆ, ನರ ನಿಧಾನವಾಗಿರುತ್ತದೆ, ಕೀಲು ಬಿಗಿದಿರುತ್ತದೆ, ಸ್ನಾಯುವಿನ ನಡುವೆ ಕೊಬ್ಬು ಸೇರಿರುತ್ತದೆ. ಎಲ್ಲವೂ ಒಟ್ಟೊಟ್ಟಿಗೆ. ನರವನ್ನು ಮಾತ್ರ ಮುದಿಯಾಗಿಸಿ ಸ್ನಾಯುವನ್ನು ಇಪ್ಪತ್ತರಲ್ಲೇ ಉಳಿಸಿಕೊಂಡ ಮನುಷ್ಯ ಎಲ್ಲೂ ಸಿಗುವುದಿಲ್ಲ. ಕಂಪ್ಯೂಟರಿನಲ್ಲಿ ಸಿಗುತ್ತಾನೆ. ಅಲ್ಲಿ ಒಂದೊಂದೇ ಅಂಗದ ಒಂದೊಂದೇ ಗುಣಕ್ಕೆ ವಯಸ್ಸು ಹತ್ತಿಸಬಹುದು, ಬೇಕಾದಾಗ ಇಳಿಸಲೂಬಹುದು. ಸ್ನಾಯುವಿನ ಮುಪ್ಪನ್ನು ಅರಿಯಲು ಇದಕ್ಕಿಂತ ಒಳ್ಳೆಯ ದಾರಿ ಸದ್ಯಕ್ಕೆ ನಮ್ಮ ಬಳಿ ಇಲ್ಲ ಎಂಬುದು ನನ್ನ ನಂಬಿಕೆ.

ಈ ಲೆಕ್ಕಗಳ ಬೇರು ಕಂಪ್ಯೂಟರಿಗಿಂತ ಹಳೆಯದು. 1938ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಆರ್ಚಿಬಾಲ್ಡ್ ಹಿಲ್ ಕಪ್ಪೆಯ ತೊಡೆಯ ಸ್ನಾಯುವನ್ನು ವಿದ್ಯುತ್ತಿನಿಂದ ಕೆರಳಿಸಿ, ಬೇರೆ ಬೇರೆ ಭಾರ ಎಳೆಸಿ, ಅದು ಎಷ್ಟು ವೇಗವಾಗಿ ಕುಗ್ಗುತ್ತದೆ, ಎಷ್ಟು ಶಾಖ ಹೊಮ್ಮಿಸುತ್ತದೆ ಎಂದು ಅಳೆದರು. ಸ್ನಾಯುವಿನ ಶಾಖದ ಕೆಲಸಕ್ಕಾಗಿಯೇ 1922ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದಿದ್ದವರು ಅವರು. ಭಾರ ಹೆಚ್ಚಿದಷ್ಟೂ ಸ್ನಾಯು ನಿಧಾನ ಎಂಬುದು ಯಾರಿಗೂ ಗೊತ್ತು. ಹಿಲ್ ಕಂಡುಕೊಂಡದ್ದು ಅದರ ಕರಾರುವಾಕ್ಕಾದ ಲೆಕ್ಕ: ಬಲಕ್ಕೆ ಒಂದು ಸ್ಥಿರಾಂಕ ಕೂಡಿಸಿ, ವೇಗಕ್ಕೆ ಇನ್ನೊಂದು ಸ್ಥಿರಾಂಕ ಕೂಡಿಸಿ, ಎರಡನ್ನೂ ಗುಣಿಸಿದರೆ ಯಾವಾಗಲೂ ಒಂದೇ ಸಂಖ್ಯೆ ಬರುತ್ತದೆ. ಕಾಗದದ ಮೇಲೆ ಎಳೆದರೆ ಅದೊಂದು ಅತಿಪರವಲಯ. ಇಂದಿಗೂ ನಡಿಗೆ, ಓಟ, ಜಿಗಿತಗಳ ಕಂಪ್ಯೂಟರ್ ಮಾದರಿಗಳಲ್ಲಿ ಹೆಚ್ಚಿನವು ಈ ಒಂದು ಸಮೀಕರಣದ ಮೇಲೆಯೇ ನಿಂತಿವೆ.

ಹಿಲ್‌ಗೆ ಸ್ನಾಯು ಹೇಗೆ ವರ್ತಿಸುತ್ತದೆ ಎಂಬುದು ಗೊತ್ತಾಯಿತು, ಯಾಕೆ ಹಾಗೆ ಎಂಬುದಲ್ಲ. ಅದು ತಿಳಿದದ್ದು 1954ರ ನಂತರ. ಆ ವರ್ಷ ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗರ್ಕೆ ಒಂದು ಕಡೆ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ, ಒಂದೇ ತೀರ್ಮಾನಕ್ಕೆ ಬಂದರು. ಹೆಸರು ಒಂದೇ ಆದರೂ ಈ ಇಬ್ಬರು ಹಕ್ಸ್‌ಲಿಗಳು ಬಂಧುಗಳಲ್ಲ. ಸ್ನಾಯು ಕುಗ್ಗುವಾಗ ಅದರೊಳಗಿನ ಎಳೆಗಳು ಕುಗ್ಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ. ಮಯೋಸಿನ್ ಎಂಬ ದಪ್ಪ ಎಳೆಯಿಂದ ಹೊರಚಾಚಿದ ನೂರಾರು ತಲೆಗಳು ಆಕ್ಟಿನ್ ಎಂಬ ತೆಳು ಎಳೆಯನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತವೆ. ಬಾವಿಯಿಂದ ನೀರು ಸೇದುವಾಗ ಕೈಗಳು ಹಗ್ಗವನ್ನು ಹಿಡಿದು ಬಿಟ್ಟು ಮತ್ತೆ ಹಿಡಿಯುವುದನ್ನು ನೆನೆಯಿರಿ. ಹಗ್ಗ ನಿಧಾನವಾಗಿ ಸರಿಯುವಾಗ ಹಿಡಿತ ಗಟ್ಟಿ, ಸರಸರನೆ ಸರಿಯುವಾಗ ಕೈಗೆ ಹಿಡಿಯಲು ಬಿಡುವೇ ಸಿಗದು. ವೇಗ ಹೆಚ್ಚಿದಂತೆ ಯಾವುದೇ ಕ್ಷಣದಲ್ಲಿ ಎಳೆಗೆ ಅಂಟಿಕೊಂಡ ತಲೆಗಳ ಸಂಖ್ಯೆ ಕಡಿಮೆಯಾಗುತ್ತದೆ, ಬಲ ಇಳಿಯುತ್ತದೆ. 1957ರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಅಂಟುವ ಮತ್ತು ಕಳಚುವ ದರಗಳನ್ನು ಸಮೀಕರಣಕ್ಕೆ ಇಳಿಸಿ ಲೆಕ್ಕ ಹಾಕಿದಾಗ, ಹಿಲ್ ಅಳೆದಿದ್ದ ಗೆರೆಗೆ ತೀರ ಹತ್ತಿರದ ಗೆರೆ ಮೂಡಿತು. ಜೀವಶಾಸ್ತ್ರದಲ್ಲಿ ಇಷ್ಟು ಚೆನ್ನಾಗಿ ಕೂಡಿಬಂದ ಲೆಕ್ಕಗಳು ಹೆಚ್ಚಿಲ್ಲ.

ಒಂದು ಸ್ನಾಯುವಿನಲ್ಲಿರುವ ಅಸಂಖ್ಯ ಮಯೋಸಿನ್ ತಲೆಗಳನ್ನೆಲ್ಲ ಲೆಕ್ಕಕ್ಕೆ ತಂದು ಮನುಷ್ಯನನ್ನು ನಡೆಸುವುದು ಆಗದ ಮಾತು. ಹಾಗಾಗಿ ನಡಿಗೆಯ ಮಾದರಿ ಕಟ್ಟುವವರು ಹಿಲ್ ದಾರಿಯನ್ನೇ ಹಿಡಿದರು. 1989ರಲ್ಲಿ ಫೆಲಿಕ್ಸ್ ಝಯಾಕ್ ಇಡೀ ಸ್ನಾಯುವನ್ನು ಬೆರಳೆಣಿಕೆಯ ಸಂಖ್ಯೆಗಳಲ್ಲಿ ಹೇಳುವ ಕ್ರಮವೊಂದನ್ನು ಅಚ್ಚುಕಟ್ಟಾಗಿ ಮುಂದಿಟ್ಟರು. ಗರಿಷ್ಠ ಬಲ ಎಷ್ಟು, ನಾರಿನ ಅನುಕೂಲಕರ ಉದ್ದ ಎಷ್ಟು, ನಾರುಗಳು ಯಾವ ಓರೆಯಲ್ಲಿವೆ, ಅತಿ ಹೆಚ್ಚು ಎಷ್ಟು ವೇಗವಾಗಿ ಕುಗ್ಗಬಲ್ಲವು, ಮೂಳೆಗೆ ಸೇರಿಸುವ ಸ್ನಾಯುರಜ್ಜು ಎಷ್ಟು ಉದ್ದ. ಇಷ್ಟು ಕೊಟ್ಟರೆ ಮೀನಖಂಡಕ್ಕೂ ತೊಡೆಗೂ ಒಂದೇ ಸಮೀಕರಣ ಸಾಕು. ಸ್ಟ್ಯಾನ್‌ಫರ್ಡ್‌ನ ಸ್ಕಾಟ್ ಡೆಲ್ಪ್ ತಂಡ 2007ರಲ್ಲಿ ಪ್ರಪಂಚದ ಮುಂದಿಟ್ಟ ಓಪನ್‌ಸಿಮ್ ಎಂಬ ಉಚಿತ ತಂತ್ರಾಂಶದ ಒಳಗೆ ಇದೇ ಬಗೆಯ ಸ್ನಾಯುಗಳು ಕೆಲಸ ಮಾಡುತ್ತವೆ. ಲ್ಯಾಪ್‌ಟಾಪ್ ಇರುವ ಯಾವ ವಿದ್ಯಾರ್ಥಿಯೂ ಅದನ್ನು ಇಳಿಸಿಕೊಂಡು ಒಂದು ಅಸ್ಥಿಪಂಜರವನ್ನು ನಡೆಸಿ ನೋಡಬಹುದು.

ಇನ್ನು ಈ ಸ್ನಾಯುವಿಗೆ ವಯಸ್ಸು ಹತ್ತಿಸಬೇಕು. ಅದಕ್ಕೆ ಬೇಕಾದ ಅಂಕಿಗಳು ನಿಜವಾದ ದೇಹಗಳಿಂದ ಬಂದವು. ಸ್ವೀಡನ್ನಿನಲ್ಲಿ ಯಾನ್ ಲೆಕ್ಸೆಲ್ ಮತ್ತು ಜೊತೆಗಾರರು 15ರಿಂದ 83 ವಯಸ್ಸಿನ, ಮೊದಲು ಆರೋಗ್ಯವಾಗಿದ್ದು ತೀರಿಕೊಂಡ 43 ಗಂಡಸರ ತೊಡೆಯ ಸ್ನಾಯುವನ್ನು ಅಡ್ಡಲಾಗಿ ಸೀಳಿ ನಾರುಗಳ ಸಂಖ್ಯೆಯನ್ನು ಲೆಕ್ಕ ಹಾಕಿದರು. 1988ರಲ್ಲಿ ಹೊರಬಂದ ಅವರ ವರದಿಯ ಪ್ರಕಾರ 20ರಿಂದ 80ರ ನಡುವೆ ಸ್ನಾಯುವಿನ ಅಡ್ಡಗಾತ್ರ ಸುಮಾರು ಶೇ. 40ರಷ್ಟು ಕುಗ್ಗುತ್ತದೆ. ಇದಕ್ಕೆ ಮುಖ್ಯ ಕಾರಣ ನಾರುಗಳೇ ಕಳೆದುಹೋಗುವುದು. ಉಳಿದವುಗಳಲ್ಲಿ ವೇಗದ ನಾರುಗಳು ಸಣಕಲಾಗುತ್ತವೆ, ನಿಧಾನದ ನಾರುಗಳಿಗೆ ಅಷ್ಟು ಪೆಟ್ಟು ಬೀಳುವುದಿಲ್ಲ. ಬೆನ್ನುಹುರಿಯಲ್ಲಿ ಒಂದು ಚಾಲಕ ನರಕೋಶ ಸತ್ತರೆ ಅದರ ಆಳ್ವಿಕೆಯಲ್ಲಿದ್ದ ನಾರುಗಳು ಅನಾಥವಾಗುತ್ತವೆ. ಕೆಲವನ್ನು ಪಕ್ಕದ ನರದ ಕವಲು ಬಂದು ಉಳಿಸಿಕೊಳ್ಳುತ್ತದೆ, ಎಷ್ಟೋ ಸಲ ಅದು ನಿಧಾನದ ಜಾತಿಯ ನರ. ಹಾಗೆ ಉಳಿದ ವೇಗದ ನಾರು ಮುಂದೆ ನಿಧಾನದ ನಾರಾಗಿ ಮಾರ್ಪಡುತ್ತದೆ. ಯಾರೂ ಪಟ್ಟು ಹಿಡಿದು ಅಳೆಯದಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ಸ್ನಾಯುವಿನ ಈ ಕ್ಷಯಕ್ಕೆ ಸಾರ್ಕೊಪೀನಿಯಾ ಎಂಬ ಹೆಸರನ್ನು 1980ರ ದಶಕದ ಕೊನೆಯಲ್ಲಿ ಕೊಟ್ಟವರು ಇರ್ವಿನ್ ರೋಸನ್‌ಬರ್ಗ್. ಹೆಸರಿಲ್ಲದ ತೊಂದರೆಯತ್ತ ವೈದ್ಯರು ಗಮನ ಕೊಡುವುದಿಲ್ಲ ಎಂಬುದು ಅವರ ಚಿಂತೆಯಾಗಿತ್ತು.

ಥೆಲೆನ್ 2003ರಲ್ಲಿ, ಅಷ್ಟರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದಿದ್ದರು, ಇಂಥ ಅಳತೆಗಳನ್ನೆಲ್ಲ ಹಿಲ್ ಮಾದರಿಯ ಭಾಷೆಗೆ ತಂದರು. ಯುವ ಸ್ನಾಯುವಿನ ನಾರು ಒಂದು ಸೆಕೆಂಡಿಗೆ ತನ್ನ ಉದ್ದದ 10 ಪಟ್ಟು ವೇಗದಲ್ಲಿ ಕುಗ್ಗಬಲ್ಲದಾದರೆ ಮುದಿ ನಾರಿಗೆ 8 ಪಟ್ಟು. ಕೆರಳಿದ ಸ್ನಾಯು ಮತ್ತೆ ಸಡಿಲಾಗಲು ಯುವಕರಲ್ಲಿ 50 ಮಿಲಿಸೆಕೆಂಡಿನ ಅಳತೆ, ಹಿರಿಯರಲ್ಲಿ 60. ಸುಮ್ಮನೆ ಹಿಗ್ಗಿಸಿದಾಗ ಮುದಿ ಸ್ನಾಯು ಬೇಗ ಬಿಗಿಯುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಭಯಪಡುವಂಥದ್ದಲ್ಲ. ಕೂಡಿಸಿದಾಗ ಏನಾಗುತ್ತದೆ ಎಂಬುದನ್ನು ಒಂದು ಲೆಕ್ಕ ಮಾಡಿಯೇ ನೋಡಬೇಕು, ಓದುಗರು ಪೆನ್ಸಿಲ್ ಹಿಡಿದು ಜೊತೆಗೆ ಬರಲಿ.

ಒಂದು ಯುವ ಸ್ನಾಯು ನಿಶ್ಚಲವಾಗಿದ್ದಾಗ 1000 ನ್ಯೂಟನ್ ಬಲ ಕೊಡುತ್ತದೆ ಎನ್ನೋಣ. ಮುಪ್ಪಿನಲ್ಲಿ ಅದು ಶೇ. 30 ಇಳಿದು 700 ಆಗಿದೆ ಎಂದು ಇಟ್ಟುಕೊಳ್ಳೋಣ. ಈಗ ಎಡವಿದ ಕಾಲನ್ನು ಸರಕ್ಕನೆ ಮುಂದೆ ತರಬೇಕಾಗಿದೆ. ಅದಕ್ಕೆ ನಾರು ಸೆಕೆಂಡಿಗೆ ತನ್ನ ಉದ್ದದ 5 ಪಟ್ಟು ವೇಗದಲ್ಲಿ ಕುಗ್ಗಬೇಕು. ಯುವ ಸ್ನಾಯುವಿಗೆ ಇದು ತನ್ನ ಗರಿಷ್ಠ ವೇಗದ ಅರ್ಧ. ಹಿಲ್ ಸಮೀಕರಣದಲ್ಲಿ ಸಾಮಾನ್ಯವಾಗಿ ಬಳಸುವ ಸ್ಥಿರಾಂಕ ಹಾಕಿದರೆ ಆ ವೇಗದಲ್ಲಿ ಅದು ಕೊಡುವ ಬಲ ಸುಮಾರು 167 ನ್ಯೂಟನ್. ಮುದಿ ಸ್ನಾಯುವಿಗೆ ಅದೇ ವೇಗ ತನ್ನ ಗರಿಷ್ಠದ ಎಂಟರಲ್ಲಿ ಐದು ಪಾಲು. ಅದರಿಂದ ಬರುವ ಬಲ ಸುಮಾರು 75 ನ್ಯೂಟನ್. ನಿಶ್ಚಲ ಬಲದಲ್ಲಿ ಶೇ. 30ರಷ್ಟಿದ್ದ ನಷ್ಟ ಬೀಳುವ ಹೊತ್ತಿನಲ್ಲಿ ಶೇ. 55 ಆಯಿತು! ಮಿಷಿಗನ್ನಿನ ಆ 8 ಡಿಗ್ರಿಯ ಅಂತರಕ್ಕೆ ಕಾರಣ ಹುಡುಕಬೇಕಾದದ್ದು ಮೊದಲು ಇಲ್ಲಿಯೇ.

ಸ್ನಾಯುವಿನ ಗರಿಷ್ಠ ಸಾಮರ್ಥ್ಯವೂ, ಅಂದರೆ ಬಲ ಮತ್ತು ವೇಗಗಳ ಗುಣಲಬ್ಧವೂ, ಹೀಗೆಯೇ ಕುಸಿಯುತ್ತದೆ. 0.7ನ್ನು 0.8ರಿಂದ ಗುಣಿಸಿದರೆ 0.56, ಹೆಚ್ಚುಕಡಿಮೆ ಅರ್ಧ ಕಳೆದುಹೋದಂತೆ. ಜನರ ಮೇಲಿನ ಅಳತೆಗಳೂ ಇದನ್ನೇ ಹೇಳುತ್ತವೆ. 1994ರಲ್ಲಿ ಡಾನ್ ಸ್ಕೆಲ್ಟನ್ ಮತ್ತು ಸಂಗಡಿಗರು 65ರಿಂದ 89 ವಯಸ್ಸಿನವರನ್ನು ಪರೀಕ್ಷಿಸಿದಾಗ, ಬಲ ವರ್ಷಕ್ಕೆ ಶೇ. 1ರಿಂದ 2ರಷ್ಟು ಇಳಿದರೆ ಕಾಲಿನ ಸಾಮರ್ಥ್ಯ ವರ್ಷಕ್ಕೆ ಶೇ. 3.5ರಷ್ಟು ಇಳಿಯುತ್ತಿರುವುದು ಕಂಡಿತು. ಹಿಡಿತದ ಬಲ ಅಳೆಯುವ ಉಪಕರಣವೊಂದನ್ನು ಕೈಗೆ ಕೊಟ್ಟು, ಅಂಕಿ ನೋಡಿ ಸ್ನಾಯು ಚೆನ್ನಾಗಿದೆ ಎಂದು ಹೇಳಿ ಕಳಿಸುವುದು ಅರ್ಧ ಪರೀಕ್ಷೆ ಮಾತ್ರ. ಅದು ನಿಶ್ಚಲ ಬಲವನ್ನು ಹೇಳುತ್ತದೆ, ವೇಗದ ಬಗ್ಗೆ ಏನೂ ಹೇಳುವುದಿಲ್ಲ.

ಮುಪ್ಪಿನ ಲೆಕ್ಕದಲ್ಲಿ ಎಲ್ಲವೂ ನಷ್ಟವಲ್ಲ. ಸ್ನಾಯು ಎಳೆಯುತ್ತಿರುವಾಗಲೇ ಹೊರಗಿನ ಭಾರ ಅದನ್ನು ಹಿಗ್ಗಿಸಿದರೆ, ಮೆಟ್ಟಿಲು ಇಳಿಯುವಾಗ ತೊಡೆಯಲ್ಲಿ ಆಗುವುದು ಇದೇ, ನಿಶ್ಚಲ ಬಲಕ್ಕಿಂತ ಹೆಚ್ಚು ಬಲ ಬರುತ್ತದೆ. ಈ ಶಕ್ತಿ ಹಿರಿಯರಲ್ಲಿ ಅಚ್ಚರಿಯಾಗುವಷ್ಟು ಉಳಿದಿರುತ್ತದೆ. ಥೆಲೆನ್ ಯುವ ಸ್ನಾಯುವಿಗೆ ನಿಶ್ಚಲ ಬಲದ 1.4 ಪಟ್ಟು, ಮುದಿ ಸ್ನಾಯುವಿಗೆ 1.8 ಪಟ್ಟು ಎಂದು ಇಟ್ಟರು. ನಮ್ಮ ಉದಾಹರಣೆಯಲ್ಲಿ ಅದು 1400 ಮತ್ತು 1260. ಅಂತರ ಶೇ. 10 ಮಾತ್ರ. ಇಳಿಯುವಾಗ ಭಾರ ತಡೆಯುವುದರಲ್ಲಿ ಹಿರಿಯರ ಕಾಲು ಯುವಕರ ಸಮೀಪಕ್ಕೆ ಬರುತ್ತದೆ, ಏಳುವಾಗ ಮತ್ತು ಧಾವಿಸುವಾಗ ಸೋಲುತ್ತದೆ.

ಹಿಲ್ ಮಾದರಿಗೆ ಒಂದು ದೊಡ್ಡ ಕೊರತೆಯಿದೆ. ಅದರಲ್ಲಿ ಸ್ನಾಯುವಿಗೆ ಉದ್ದವಿದೆ, ಅಗಲವಿಲ್ಲ, ಒಳಗಿನ ರಚನೆಯಿಲ್ಲ. ನಿಜವಾದ ಸ್ನಾಯು ಕುಗ್ಗುವಾಗ ಉಬ್ಬುತ್ತದೆ. ಅದರ ಘನಗಾತ್ರ ಬದಲಾಗದ್ದರಿಂದ ಉಬ್ಬಲೇಬೇಕು. ನಡುವೆ ಕೊಬ್ಬು ಸೇರಿದ್ದರೆ ಏನಾಗುತ್ತದೆ? ಕೊಬ್ಬು ಬಲ ಕೊಡುವುದಿಲ್ಲ, ಹಾಗಾಗಿ ಜಾಗ ತಿಂದಷ್ಟು ನಷ್ಟ ಎಂದು ಸರಳವಾಗಿ ಹೇಳಿ ಮುಗಿಸಬಹುದಿತ್ತು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಹಾದಿ ರಹೇಮಿ, ಗಣಿತಜ್ಞೆ ನೀಲಿಮಾ ನಿಗಮ್ ಮತ್ತು ಜೇಮ್ಸ್ ವೇಕ್‌ಲಿಂಗ್ ಅಲ್ಲಿಗೆ ನಿಲ್ಲಲಿಲ್ಲ. ಮೀನಖಂಡದ ಸ್ನಾಯುವನ್ನು ಅವರು ಕಂಪ್ಯೂಟರಿನಲ್ಲಿ ಮೂರು ಆಯಾಮಗಳಲ್ಲಿ ಕಟ್ಟಿ, ಅದನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿನ ಎಳೆತ ಒತ್ತಡಗಳನ್ನು ಬಿಡಿಸಿದರು. ಕೊಬ್ಬನ್ನು ಐದು ಬೇರೆ ಬೇರೆ ರೀತಿಗಳಲ್ಲಿ ಸೇರಿಸಿ ನೋಡಿದರು. ಹೇಗೆ ಸೇರಿಸಿದರೂ ನಾರುಗಳ ಬಲ ಕುಸಿಯಿತು. ಕಾರಣ, ಕೊಬ್ಬು ಸೇರಿದ ಅಂಗಾಂಶ ಹೆಚ್ಚು ಬಿಗಿ. ನಾರು ಕುಗ್ಗಿ ಉಬ್ಬಲು ಹೊರಟಾಗ ಸುತ್ತಲಿನದು ಜಾಗ ಬಿಡುವುದಿಲ್ಲ. ಆರೋಗ್ಯವಾಗಿರುವ ನಾರೂ ಕೊಬ್ಬಿನ ನಡುವೆ ಸಿಕ್ಕಿ ತನ್ನ ಪೂರ್ಣ ಬಲ ತೋರಲಾರದು. 2015ರಲ್ಲಿ ಪ್ರಕಟವಾದ ಈ ಕೆಲಸ ನನಗೆ ಬಹಳ ಮುಖ್ಯವೆನಿಸುತ್ತದೆ. ಹಿರಿಯರಲ್ಲಿ ಸ್ನಾಯುವಿನ ತೂಕ ಇಳಿಯುವುದಕ್ಕಿಂತ ಬಲ ಹಲವು ಪಟ್ಟು ಬೇಗ ಇಳಿಯುತ್ತದೆ ಎಂಬುದು ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ 2006ರಲ್ಲೇ ಕಂಡಿತ್ತು. ಆ ಒಗಟಿನ ಒಂದು ಭಾಗವನ್ನಾದರೂ ಈ ಮಾದರಿ ಬಿಡಿಸಿದೆ.

ಇನ್ನು ನರವೋ ಸ್ನಾಯುವೋ ಎಂಬ ಮೊದಲಿನ ಪ್ರಶ್ನೆ. ಅದನ್ನು ನೇರವಾಗಿ ಕೈಗೆತ್ತಿಕೊಂಡವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಗ್‌ಮೂನ್ ಸಾಂಗ್ ಮತ್ತು ಹಾರ್ಟ್‌ಮುಟ್ ಗೈಯರ್. ಅವರ ಕಂಪ್ಯೂಟರ್ ಮನುಷ್ಯನಿಗೆ ನಡಿಗೆಯನ್ನು ಯಾರೂ ಹೇಳಿಕೊಡುವುದಿಲ್ಲ. ಮೂಳೆ, ಸ್ನಾಯು, ಬೆನ್ನುಹುರಿಯ ಪ್ರತಿವರ್ತನೆಗಳು ಇಷ್ಟನ್ನು ಕೊಟ್ಟು, ಬೀಳದೆ ಚೆನ್ನಾಗಿ ನಡೆಯುವ ದಾರಿಯನ್ನು ಗಣಕವೇ ಹುಡುಕಿಕೊಳ್ಳಲು ಬಿಡುತ್ತಾರೆ. ಆಮೇಲೆ ಮಾದರಿಗೆ ಮುಪ್ಪಿನ ಬದಲಾವಣೆಗಳನ್ನೆಲ್ಲ ಹತ್ತಿಸಿದರು: ಸ್ನಾಯುವಿನ ಬಲ ಕಡಿಮೆ, ಕುಗ್ಗುವ ವೇಗ ಕಡಿಮೆ, ನರದ ಸಂದೇಶ ತಡ, ಸಂದೇಶದಲ್ಲಿ ಗದ್ದಲ ಹೆಚ್ಚು, ಕೀಲುಗಳ ಚಲನೆ ಕಡಿಮೆ, ಮೈತೂಕದ ಹಂಚಿಕೆ ಬೇರೆ. ಮಾದರಿ ನಿಜವಾದ ಹಿರಿಯರ ಹಾಗೆ ನಿಧಾನವಾಯಿತು, ಅದೇ ದೂರ ನಡೆಯಲು ಹೆಚ್ಚು ಶಕ್ತಿ ಖರ್ಚು ಮಾಡತೊಡಗಿತು. ಯಾವ ಬದಲಾವಣೆಗೆ ಎಷ್ಟು ಪಾಲು ಎಂದು ಬಿಡಿಸಿ ನೋಡಿದಾಗ, ಈ ಕುಸಿತಕ್ಕೆ ಬಹುಪಾಲು ಹೊಣೆ ಸ್ನಾಯುವಿನ ಬಲ ಮತ್ತು ಕುಗ್ಗುವ ವೇಗ ಇಳಿದದ್ದು ಎಂದು ಗೊತ್ತಾಯಿತು. 2018ರ ಅವರ ಪ್ರಬಂಧ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿರಿಯರ ನಡಿಗೆ ಸುಧಾರಿಸಬೇಕಾದರೆ ಈ ಎರಡನ್ನು ಮರಳಿ ಪಡೆಯುವುದೊಂದೇ ಪರಿಣಾಮಕಾರಿ ದಾರಿಯಾಗಿರಬಹುದು ಎಂದಿದೆ.

ಎಲ್ಲ ಸ್ನಾಯುಗಳ ದೌರ್ಬಲ್ಯವೂ ಸಮನಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 2012ರಲ್ಲಿ ಮಾರ್ಯೊಲೈನ್ ವಾನ್ ಡರ್ ಕ್ರೊಗ್ಟ್, ಡೆಲ್ಪ್ ಮತ್ತು ಮೈಕಲ್ ಶ್ವಾರ್ಟ್ಸ್ ಮಾದರಿಯ ಸ್ನಾಯುಗಳನ್ನು ಒಂದೊಂದಾಗಿ ದುರ್ಬಲಗೊಳಿಸಿ ನಡೆಸಿ ನೋಡಿದರು. ಮಂಡಿಯನ್ನು ಮತ್ತು ಸೊಂಟದ ಕೀಲನ್ನು ನೆಟ್ಟಗಾಗಿಸುವ ಸ್ನಾಯುಗಳು ಬಹಳಷ್ಟು ಸೊರಗಿದರೂ ನಡಿಗೆ ತಡೆದುಕೊಂಡಿತು. ಮೀನಖಂಡ, ಕಾಲನ್ನು ಪಕ್ಕಕ್ಕೆ ಎತ್ತುವ ಸೊಂಟದ ಸ್ನಾಯು, ತೊಡೆಯನ್ನು ಮೇಲೆತ್ತುವ ಸ್ನಾಯು, ಇವು ಸೊರಗಿದರೆ ತಡೆದುಕೊಳ್ಳಲಿಲ್ಲ. ಒಂದರ ಕೊರತೆ ತುಂಬಲು ಇನ್ನೊಂದು ದುಡಿಯುತ್ತದೆ, ಅದರಿಂದಾದ ಅಸಮತೋಲನ ಸರಿಪಡಿಸಲು ಮತ್ತೊಂದು. ಹಿರಿಯರು ನಡೆದು ಬಂದು ಸುಸ್ತು ಎಂದಾಗ ಅದು ನೆಪವಲ್ಲ. ಅದೇ ಹತ್ತು ಹೆಜ್ಜೆಗೆ ಅವರ ಮೈ ಹೆಚ್ಚು ದುಡಿದಿರುತ್ತದೆ.

ಈ ಮಾದರಿಗಳನ್ನು ಎಷ್ಟು ನಂಬಬೇಕು? ಅವುಗಳ ಅಂಕಿಗಳು ಎಲ್ಲಿಂದ ಬಂದವು ಎಂದು ನೋಡಿದರೆ ಎಚ್ಚರ ಮೂಡುತ್ತದೆ. ಕಾಲಿನ ಸ್ನಾಯುಗಳ ಒಳರಚನೆಗೆ ಇಂದು ಹೆಚ್ಚಾಗಿ ಆಧಾರವಾಗಿರುವುದು 2009ರಲ್ಲಿ ಪ್ರಕಟವಾದ, 21 ಶವಗಳ ಮೇಲೆ ನಡೆದ ಅಳತೆ. ಆ ದೇಹಗಳ ಸರಾಸರಿ ವಯಸ್ಸು 83. 2016ರಲ್ಲಿ ಬಂದ ಪ್ರಸಿದ್ಧ ಮಾದರಿಯೊಂದು ಅದರ ಜೊತೆಗೆ 24 ಆರೋಗ್ಯವಂತ ಯುವಜನರ ಎಂಆರ್‌ಐ ಚಿತ್ರಗಳಿಂದ ಸ್ನಾಯುವಿನ ಗಾತ್ರ ತೆಗೆದುಕೊಂಡಿತು. ನಾರಿನ ಉದ್ದ ಅಜ್ಜಂದಿರದು, ಗಾತ್ರ ಮೊಮ್ಮಕ್ಕಳದು. ಕೆಲಸ ನಡೆಯುತ್ತದೆ, ಆದರೆ ಮುಪ್ಪನ್ನೇ ಅಭ್ಯಾಸ ಮಾಡುವವರಿಗೆ ಇದು ಸಣ್ಣ ಮಾತಲ್ಲ.

ನಮಗೆ ಇನ್ನೂ ಒಂದು ಆಕ್ಷೇಪವಿದೆ. ಆ 2016ರ ಮಾದರಿಯಲ್ಲಿ ಮಂಡಿ 120 ಡಿಗ್ರಿಗಿಂತ ಹೆಚ್ಚು ಮಡಿಯುತ್ತಿರಲಿಲ್ಲ. ಮರುವರ್ಷ ಬೇರೊಂದು ತಂಡ ಅದನ್ನು ಹಿಗ್ಗಿಸಿತು, ಅದೂ ಸೈಕಲ್ ತುಳಿತ ಮತ್ತು ವೇಗದ ಓಟಕ್ಕಾಗಿ. ಕುಕ್ಕರಗಾಲಿನಲ್ಲಿ ಕೂತು ಸೊಪ್ಪು ಸೋಸುವ, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವ, ನೆಲದ ಮೇಲಿನಿಂದ ಕೈ ಊರದೆ ಏಳಲು ಹೆಣಗುವ ಹಿರಿಯರ ದೇಹ ಈ ಲೆಕ್ಕಗಳ ಕಣ್ಣಿಗೆ ಇನ್ನೂ ಸರಿಯಾಗಿ ಬಿದ್ದಿಲ್ಲ. ಕುರ್ಚಿಯಿಂದ ಏಳುವುದಕ್ಕೂ ನೆಲದಿಂದ ಏಳುವುದಕ್ಕೂ ಸ್ನಾಯುಗಳಿಂದ ಬೇಕಾಗುವ ಬಲ ಒಂದೇ ಅಲ್ಲ. ಓಪನ್‌ಸಿಮ್ ಎಲ್ಲರಿಗೂ ತೆರೆದಿದೆ. ನಮ್ಮ ಎಂಜಿನಿಯರಿಂಗ್ ಮತ್ತು ಫಿಸಿಯೋಥೆರಪಿ ಕಾಲೇಜುಗಳ ಹುಡುಗ ಹುಡುಗಿಯರು ಕೈಜೋಡಿಸಿದರೆ ನೆಲದಿಂದ ಏಳುವ ಅಜ್ಜಿಯ ಮಾದರಿ ಕಟ್ಟಲು ಯಾರ ಅಪ್ಪಣೆಯೂ ಬೇಕಿಲ್ಲ.

ಅಷ್ಟರವರೆಗೆ ಈಗಿರುವ ಲೆಕ್ಕದಿಂದಲೇ ಮನೆಯಲ್ಲಿ ಮಾಡಬಹುದಾದದ್ದಿದೆ. ಕೈಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಸ್ನಾಯು ಕ್ಷಯದ ಶಂಕೆ ಪಡಬೇಕು ಎಂದು ಯುರೋಪಿನ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಇದರಲ್ಲಿ ಬಲವೂ ಇದೆ, ವೇಗವೂ ಇದೆ. ಮನೆಯ ಹಿರಿಯರ ಪಕ್ಕದಲ್ಲಿ ನಿಂತು, ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಲ್ಲಿ ಒಮ್ಮೆ ನೋಡಿ. ತಡವಾದರೆ ವೈದ್ಯರನ್ನು ಕಾಣಿ, ವ್ಯಾಯಾಮದ ಮಾತು ಎತ್ತಿ. ವಯಸ್ಸಾಯಿತು, ಸುಮ್ಮನೆ ಕೂತಿರಿ ಎಂದು ಮಾತ್ರ ಹೇಳಬೇಡಿ. 1990ರಲ್ಲಿ ಬಾಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ಮತ್ತು ಜೊತೆಗಾರರು ಆರೈಕೆ ಕೇಂದ್ರವೊಂದರಲ್ಲಿದ್ದ, ಸರಾಸರಿ 90 ವಯಸ್ಸಿನ ಹತ್ತು ಜನರಿಗೆ ತೊಡೆಯ ಸ್ನಾಯುವಿಗೆ ಭಾರದ ವ್ಯಾಯಾಮ ಮಾಡಿಸಿದರು. ಎಂಟು ವಾರ ಮುಗಿಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು.